ಎಮ್ಮೆಯ ತೊಗಲು, ಆಕಳ ಸೆಗಣಿ: ಕಲ್ಯಾಣದ ಕಡೆಯಿಂದ ಒಂದು ಕಲಾಚರಿತ್ರೆ

ನಮ್ಮ ಕಲಾವಿಮರ್ಶೆಯಲ್ಲಿ 'ನಿಸರ್ಗ' ಎಂಬ ಮಾತು ಬಂದಾಗಲೆಲ್ಲ ನನಗೆ ಒಂದು ಅನುಮಾನ ಶುರುವಾಗುತ್ತದೆ. ನಿಸರ್ಗ ಅಂದರೆ ಯಾರ ನಿಸರ್ಗ? ಬೆಟ್ಟ, ಹೊಳೆ, ಮುಂಜಾವು, ಹೂಬಳ್ಳಿ ಎಂದು ಶುರುವಾಗುವ ಆ ಪಟ್ಟಿಯಲ್ಲಿ ಸತ್ತ ಎಮ್ಮೆ ಯಾಕೆ ಬರುವುದಿಲ್ಲ? ಸೆಗಣಿ ಯಾಕೆ ಬರುವುದಿಲ್ಲ? ಬಂದರೂ ಅದು ಯಾಕೆ 1990ರ ನಂತರ, ಅದೂ ಬೆಂಗಳೂರಿನ ಒಬ್ಬ ಕಲಾವಿದೆಯ ಕೈಯಿಂದಲೇ ಬರಬೇಕಾಯಿತು? ನವೋದಯದ ನಿಸರ್ಗ ಮಲೆನಾಡಿನದು, ಮಳೆಯದು. ನಮ್ಮ ಹುಮನಾಬಾದ, ಬಸವಕಲ್ಯಾಣದ ಕಡೆ ಕರಿಮಣ್ಣಿನ ಎರೆಹೊಲ, ಕೆಂಪು ಜಂಬಿಟ್ಟಿಗೆ, ತೊಗರಿ, ಜೋಳ, ಜಾಲಿ ಗಿಡ. ಇದನ್ನು ನೋಡಿ ಕವಿಗಳು ಮೈಮರೆತದ್ದು ಕಡಿಮೆ. ಇರಲಿ, ಅದು ದೊಡ್ಡ ನಷ್ಟವಲ್ಲ. ಈ ಬರಹದಲ್ಲಿ ನಾನು ಕೇಳಬೇಕೆಂದಿರುವ ಪ್ರಶ್ನೆ ಬೇರೆ. ನಿಸರ್ಗದಿಂದ ಕಲೆಗೆ ಹೋಗುವ ದಾರಿಯಲ್ಲಿ ಒಂದು ಕೈ ಇರುತ್ತದೆ. ಆ ಕೈಗೆ ಜಾತಿ ಇರುತ್ತದೆ. ನಮ್ಮ ಕಲಾಚರಿತ್ರೆ ಈ ಕೈಯನ್ನು ದಾಟಿಕೊಂಡು ಹೋದದ್ದು ಹೇಗೆ?

ಇದಕ್ಕೆ ಬಹಳ ದೂರ ಹೋಗಬೇಕಿಲ್ಲ, ಕಲ್ಯಾಣಕ್ಕೇ ಬಂದರೆ ಸಾಕು. ಮೊದಲನೆಯ ಸೋಮೇಶ್ವರ ಚಾಲುಕ್ಯರ ರಾಜಧಾನಿಯನ್ನು ಮಾನ್ಯಖೇಟದಿಂದ ಇಲ್ಲಿಗೆ ತಂದದ್ದು 11ನೇ ಶತಮಾನದಲ್ಲಿ. ಅವನ ಮಗ ಆರನೆಯ ವಿಕ್ರಮಾದಿತ್ಯ 1076ರಿಂದ 1126ರ ತನಕ, ಹೆಚ್ಚುಕಡಿಮೆ ಅರ್ಧ ಶತಮಾನ ಆಳಿದ. ಬಿಲ್ಹಣ ಕಾಶ್ಮೀರದಿಂದ ಬಂದು ಅವನ ಮೇಲೆ ಕಾವ್ಯ ಬರೆದ. ವಿಜ್ಞಾನೇಶ್ವರ 'ಮಿತಾಕ್ಷರಾ' ಬರೆದ. ವಿಕ್ರಮಾದಿತ್ಯನ ಮಗ ಮೂರನೆಯ ಸೋಮೇಶ್ವರ ತಾನೇ 'ಮಾನಸೋಲ್ಲಾಸ' ಎಂಬ ದೊಡ್ಡ ಗ್ರಂಥ ಬರೆದ. ಅದಕ್ಕೆ 'ಅಭಿಲಷಿತಾರ್ಥ ಚಿಂತಾಮಣಿ' ಎಂದೂ ಹೆಸರು. ಕಾಲ 1129ರ ಸುಮಾರು. ನೂರು ಅಧ್ಯಾಯಗಳ ಈ ಪುಸ್ತಕದಲ್ಲಿ ಇಲ್ಲದ್ದೇ ಇಲ್ಲ. ಆನೆ ಹಿಡಿಯುವುದು, ಮೀನಿನ ಜಾತಿಗಳು, ಬೇಟೆನಾಯಿ, ಡೇಗೆಹಕ್ಕಿ, ರತ್ನ, ಸುಗಂಧ, ಅಡಿಗೆ, ಎಲ್ಲ ಇದೆ. ಹೊಲದ ಇಲಿಯನ್ನು ಹೇಗೆ ಸುಡಬೇಕೆಂಬುದೂ ಅರಸನ ಊಟದ ಭಾಗದಲ್ಲಿದೆ. ನಮ್ಮ ಊಟದ ಬಗ್ಗೆ ಮೂಗು ಮುಚ್ಚಿಕೊಳ್ಳುವವರು ಆ ಭಾಗವನ್ನೊಮ್ಮೆ ಓದಬೇಕು ಅಂತ ನನ್ನ ಕೋರಿಕೆ.

ಈ ಗ್ರಂಥದ ಮೂರನೆಯ ವಿಂಶತಿಯಲ್ಲಿ ಚಿತ್ರಕಲೆಯ ವಿಚಾರವಿದೆ. ಭಾರತೀಯ ಚಿತ್ರಕಲೆಯ ಬಗ್ಗೆ ಬರೆದವರೆಲ್ಲ ಇದನ್ನು ಉಲ್ಲೇಖಿಸುತ್ತಾರೆ. ಭಾವಚಿತ್ರ, ರಸಚಿತ್ರ ಇತ್ಯಾದಿ ವರ್ಗೀಕರಣ ಕೊಟ್ಟು, ಬಣ್ಣಗಳ ಪಟ್ಟಿ ಕೊಟ್ಟು ಮುಂದೆ ಹೋಗುತ್ತಾರೆ. ನಾನು ಇಲ್ಲಿ ನಿಲ್ಲಬೇಕೆಂದಿರುವುದು ಅವರು ಬೇಗ ದಾಟಿದ ಜಾಗದಲ್ಲಿ. ಚಿತ್ರ ಬರೆಯುವ ಮೊದಲು ಗೋಡೆ ಸಿದ್ಧವಾಗಬೇಕು. ಗಾರೆ ಮೆತ್ತಿ ನುಣುಪು ಮಾಡಿದ ಗೋಡೆಗೆ ಒಂದು ಲೇಪ ಕೊಡಬೇಕು. ಅದರ ಹೆಸರು ವಜ್ರಲೇಪ. ಹೆಸರು ಕೇಳಿದರೆ ವಜ್ರವನ್ನೇ ಅರೆದು ಹಚ್ಚಿದ ಹಾಗಿದೆ. ನಿಜವಾಗಿ ಅದು ಎಮ್ಮೆಯ ತೊಗಲು. ಹೊಸದಾಗಿ ಸುಲಿದ ಎಮ್ಮೆಯ ತೊಗಲನ್ನು ನೀರಲ್ಲಿ ಹಾಕಿ, ಬೆಣ್ಣೆಯ ಹಾಗೆ ಮೆತ್ತಗಾಗುವ ತನಕ ಕುದಿಸಬೇಕು. ನೀರು ಇಂಗಿದ ಮೇಲೆ ಅದನ್ನು ಕಡ್ಡಿಗಳಾಗಿ ಮಾಡಿ ಬಿಸಿಲಿನಲ್ಲಿ ಒಣಗಿಸಬೇಕು. ಬೇಕಾದಾಗ ಬಿಸಿನೀರಲ್ಲಿ ಕರಗಿಸಿ, ಬಿಳಿಮಣ್ಣಿನ ಜೊತೆ ಬೆರೆಸಿ ಗೋಡೆಗೆ ಮೂರು ಸಲ ಬಳಿಯಬೇಕು. ಬಣ್ಣವನ್ನು ಗೋಡೆಗೆ ಹಿಡಿದಿಡುವುದೂ ಇದೇ ಅಂಟು. ಇನ್ನು ಕುಂಚಕ್ಕೆ ಬೇಕಾದದ್ದು ಕರುವಿನ ಕಿವಿಯ ಕೂದಲು. ಅದನ್ನು ಕಡ್ಡಿಯ ತುದಿಗೆ ಅಂಟಿಸಲು ಅರಗು. ಬಿಳಿಗೆ ಶಂಖ, ಕೆಂಪಿಗೆ ಇಂಗಳೀಕ ಮತ್ತು ಕಾವಿ, ಹಳದಿಗೆ ಹರಿತಾಳ, ಕಪ್ಪಿಗೆ ದೀಪದ ಕಾಡಿಗೆ. ಒಟ್ಟು ನಿಸರ್ಗವೇ ಅಲ್ಲಿದೆ: ಸಮುದ್ರದ ಚಿಪ್ಪು, ನೆಲದ ಮಣ್ಣು, ಗಿಡದ ಮೇಲಿನ ಹುಳ, ದನದ ಮೈ.

ಈಗ ಆ ವಾಕ್ಯಗಳ ವ್ಯಾಕರಣವನ್ನು ನೋಡಿ. ಬೇಯಿಸಬೇಕು, ಒಣಗಿಸಬೇಕು, ಬಳಿಯಬೇಕು ಅಂತ ಎಲ್ಲ ವಿಧಿ. ಯಾರು ಬೇಯಿಸಬೇಕು? ಚಿತ್ರಕಾರನ ಲಕ್ಷಣಗಳನ್ನು ಹೇಳುವ ಪುಸ್ತಕ ಎಮ್ಮೆ ಸುಲಿದವನ ಬಗ್ಗೆ ಬಾಯಿ ಬಿಡುವುದಿಲ್ಲ. ಅಡಿಗೆಯಿಂದ ಆನೆಯ ತನಕ ಎಲ್ಲ ಕಂಡ ಅರಸನಿಗೆ ಆತ ಮಾತ್ರ ಕಾಣಲಿಲ್ಲ. 'ಹೊಸದಾಗಿ ಸುಲಿದ' ಅನ್ನುವ ವಿಶೇಷಣದೊಳಗೆ ಒಂದು ಇಡೀ ಕೇರಿ ಅಡಗಿದೆ. ಯಾಕಂದ್ರ, ತೊಗಲಿನ ಕೆಲಸ ಗೊತ್ತಿರುವ ಯಾರನ್ನೇ ಕೇಳಿ, ಹೊಸ ತೊಗಲು ಅಂದರೆ ದಿನಕ್ಕೆ ಸಂಬಂಧಿಸಿದ ಮಾತಲ್ಲ, ತಾಸಿಗೆ ಸಂಬಂಧಿಸಿದ ಮಾತು. ಬೇಸಿಗೆಯಲ್ಲಿ ದನ ಸತ್ತರೆ ತಡಮಾಡುವಂತಿಲ್ಲ. ಹೊಟ್ಟೆ ಉಬ್ಬುವ ಮೊದಲು ಸುಲಿಯಬೇಕು, ಕತ್ತಿ ಒಳಗೆ ತಾಗಿ ತೂತಾಗದಂತೆ ಬಿಡಿಸಬೇಕು, ಒಳಮೈಯ ಮಾಂಸ ಕೆರೆದು ತೆಗೆಯಬೇಕು. ಕೊಳೆತ ತೊಗಲಿನಿಂದ ಒಳ್ಳೆಯ ಅಂಟು ಬರುವುದಿಲ್ಲ. ಎಷ್ಟು ಹೊತ್ತು ಕುದಿಸಿದರೆ ಬೆಣ್ಣೆಯಾಗುತ್ತದೆ, ಎಷ್ಟು ಹೆಚ್ಚಾದರೆ ಅಂಟಿನ ಶಕ್ತಿ ಹೋಗುತ್ತದೆ ಎಂಬುದು ಕೈಗೆ ಗೊತ್ತಿರುವ ಸಂಗತಿ. ಅರಸ ಇದನ್ನು ತಾನು ಮಾಡಿ ಕಲಿತಿರಲಾರ. ಯಾರನ್ನೋ ಕೇಳಿ, ಯಾರದೋ ಕೈ ನೋಡಿ ಬರೆಸಿರಬೇಕು. ಅಂದಮೇಲೆ 'ಸರ್ವಜ್ಞ' ಎಂಬ ಆ ಅರಸನ ಬಿರುದಿನಲ್ಲಿ ನಮ್ಮ ಹಿರಿಯರದೂ ಒಂದು ಪಾಲಿದೆ ಅಂತ ನಾನು ತಿಳಿದಿದ್ದೇನೆ. ಇದು ಹೆಮ್ಮೆಯ ಮಾತಲ್ಲ, ಲೆಕ್ಕದ ಮಾತು.

ಇನ್ನೂ ಒಂದು ಸಂಗತಿ. ಚಾಲುಕ್ಯ ನಾಡಿನ ಗುಡಿಗಳಲ್ಲಿ ಮಹಿಷಮರ್ದಿನಿಯ ಶಿಲ್ಪಕ್ಕೆ ಕೊರತೆಯಿಲ್ಲ. ಕೋಣನ ಕೊರಳು ತುಳಿದು ನಿಂತ ದೇವಿ. ವಜ್ರಲೇಪ ಬಳಿದ ಗೋಡೆಯ ಮೇಲೆ ಅದೇ ಮಹಿಷಮರ್ದಿನಿಯನ್ನು ಬರೆದರೆ ಏನಾಗುತ್ತದೆ? ಗೋಡೆಯ ಮೇಲೆ ದೇವಿ, ಗೋಡೆಯ ಒಳಗೆ ಮಹಿಷ. ಅವನು ಬಿಟ್ಟರೆ ಅವಳು ಉದುರುತ್ತಾಳೆ. ಕಲ್ಯಾಣದ ಆ ಅರಮನೆಯ ಗೋಡೆಗಳು ಈಗ ಇಲ್ಲ; ನಾವು ನೋಡುವ ಕೋಟೆಯಲ್ಲಿ ನಂತರದ ಸುಲ್ತಾನರ, ನವಾಬರ ಕಾಲದ ಕೆಲಸವೇ ಹೆಚ್ಚು. ಉಳಿದಿರುವುದು ಪುಸ್ತಕ. ಅದನ್ನು ಬರೋಡಾದ ಗಾಯಕವಾಡ ಓರಿಯಂಟಲ್ ಸೀರೀಸ್ 1925ರಿಂದ ಸಂಪುಟಗಳಲ್ಲಿ ಅಚ್ಚು ಹಾಕಿತು. ಅದೇ ಬರೋಡಾದಲ್ಲಿ, ಅಚ್ಚಾಗುವ ಎಂಟು ವರ್ಷ ಮೊದಲು, 1917ರಲ್ಲಿ, ಅದೇ ಸಂಸ್ಥಾನದ ವಿದ್ಯಾರ್ಥಿವೇತನದಲ್ಲಿ ಓದಿಬಂದ ಅಂಬೇಡ್ಕರ್ ಅವರಿಗೆ ಇರಲು ಒಂದು ಕೋಣೆ ಸಿಗಲಿಲ್ಲ. ಈ ಎರಡೂ ಸಂಗತಿಗಳನ್ನು ಒಟ್ಟಿಗೆ ಇಟ್ಟು ನೋಡುವುದೇ ದಲಿತ ವಿಮರ್ಶೆಯ ಕೆಲಸ ಅಂತ ನನಗನ್ನಿಸುತ್ತದೆ.

ಅದೇ ಕಲ್ಯಾಣದಲ್ಲಿ ಬರೆದ ಇನ್ನೊಂದು ಗ್ರಂಥ 'ಮಿತಾಕ್ಷರಾ'. ಯಾಜ್ಞವಲ್ಕ್ಯ ಸ್ಮೃತಿಯ ಮೇಲಿನ ಈ ವ್ಯಾಖ್ಯಾನ ಆಸ್ತಿ ಹಂಚಿಕೆಯ ಕಾನೂನಿಗೆ ಹೆಸರಾಗಿದೆ. ಇಂಗ್ಲಿಷರ ಕೋರ್ಟುಗಳ ತನಕ ಬಂತು. ಆದರೆ ಆ ಸ್ಮೃತಿಯ ಆಚಾರಾಧ್ಯಾಯದಲ್ಲಿ ದ್ರವ್ಯಶುದ್ಧಿ ಎಂಬ ಪ್ರಕರಣವೊಂದಿದೆ. ಯಾವ ವಸ್ತು ಮೈಲಿಗೆಯಾದರೆ ಹೇಗೆ ಶುದ್ಧ ಮಾಡಬೇಕು ಎಂಬುದು ಅದರ ವಿಷಯ. ಬಂಗಾರ, ಬೆಳ್ಳಿ, ಕಲ್ಲು, ಹಗ್ಗ, ಬಟ್ಟೆ, ಇವುಗಳ ಸಾಲಿನಲ್ಲೇ ತೊಗಲೂ ಇದೆ. ಶುದ್ಧಿ ಹೇಗೆ? ನೀರಿನಿಂದ. ಅಷ್ಟೇ. ನೋಡಿ, ತೊಗಲಿಗೆ ನೀರು ಹಾಕಿದರೆ ಸಾಕು, ಅದು ಶುದ್ಧ. ಆ ತೊಗಲನ್ನು ಸುಲಿದು, ತೊಳೆದು, ಹದ ಮಾಡಿದವನಿಗೆ ಯಾವ ನೀರೂ ಸಾಲುವುದಿಲ್ಲ. ಅವನನ್ನು ಮುಟ್ಟಿದವನೇ ನೀರಿಗಿಳಿಯಬೇಕು. ಮೈಲಿಗೆ ವಸ್ತುವಿನಲ್ಲಿದ್ದರೆ ತೊಳೆಯಬಹುದಿತ್ತು. ಅದು ವಸ್ತುವಿನಲ್ಲಿಲ್ಲ, ಹುಟ್ಟಿನಲ್ಲಿ ಇಟ್ಟಿದ್ದಾರೆ ಎಂಬುದಕ್ಕೆ ಧರ್ಮಶಾಸ್ತ್ರವೇ ಸಾಕ್ಷಿ. ಹೊಲಸು ಕೆಲಸ ಮಾಡುತ್ತಿದ್ದುದರಿಂದ ದೂರ ಇಟ್ಟರು ಎಂದು ಸಮಾಧಾನ ಹೇಳುವ ನಮ್ಮ ಉದಾರವಾದಿ ಗೆಳೆಯರು ಈ ಪ್ರಕರಣವನ್ನು ಗಮನಿಸಬೇಕು.

ಇದಕ್ಕೆ ಉತ್ತರ ಬಂದದ್ದೂ ಕಲ್ಯಾಣದಲ್ಲೇ, ಹೆಚ್ಚು ತಡವಾಗಿ ಅಲ್ಲ. ಮೂರನೆಯ ಸೋಮೇಶ್ವರ ತೀರಿಕೊಂಡ ಇಪ್ಪತ್ತು ವರ್ಷದೊಳಗೆ ಅಧಿಕಾರ ಕಲಚುರಿ ಬಿಜ್ಜಳನ ಕೈಗೆ ಹೋಯಿತು. ಬಸವಣ್ಣ, ಅಲ್ಲಮ, ಶರಣರ ಕಾಲ. ಸಮಗಾರ ಹರಳಯ್ಯನ ಕತೆ ಎಲ್ಲರಿಗೂ ಗೊತ್ತಿರುವುದೇ. ಬಸವಣ್ಣ ತನ್ನ ಒಂದು ಶರಣಿಗೆ ಎರಡು ಶರಣು ಹೇಳಿದ ಭಾರ ತೀರಿಸಲು ಹರಳಯ್ಯ, ಕಲ್ಯಾಣಮ್ಮ ತಮ್ಮ ತೊಡೆಯ ತೊಗಲು ತೆಗೆದು ಕೆರ ಮಾಡಿದರು ಎಂಬ ಕತೆ. ಭಕ್ತಿಯ ಪರಾಕಾಷ್ಠೆ ಎಂದು ಇದನ್ನು ನೂರಾರು ಸಲ ಹೇಳಿದ್ದಾರೆ. ನಾಟಕ ಆಗಿದೆ, ಕ್ಯಾಲೆಂಡರ್ ಆಗಿದೆ. ಒಬ್ಬ ಕಸುಬುದಾರನ ಕಣ್ಣಿನಿಂದ ನೋಡಿದರೆ ಈ ಕತೆಯಲ್ಲಿ ಬೇರೊಂದು ಸಂಗತಿ ಕಾಣುತ್ತದೆ. ತೊಗಲಿನ ಕೆಲಸಗಾರನಿಗೆ ವಸ್ತು ಯಾವಾಗಲೂ ಹೊರಗಿನಿಂದ ಬರುತ್ತದೆ. ಊರಗೌಡರ ದನ ಸತ್ತರೆ ಅವನಿಗೆ ವಸ್ತು. ಬಸವಣ್ಣನಿಗೆ ಕೊಡುವ ವಸ್ತು ಯಾರ ಋಣವೂ ಆಗಿರಬಾರದು ಅಂದಾಗ ಅವನ ಹತ್ತಿರ ಉಳಿಯುವ ಏಕೈಕ ಸ್ವಂತ ತೊಗಲು ಯಾವುದು? ತನ್ನದೇ. ಇದು ಭಕ್ತಿಯ ಜೊತೆಗೆ ಆಸ್ತಿಯ ಪ್ರಶ್ನೆಯೂ ಹೌದು. ಮಿತಾಕ್ಷರದ ಆಸ್ತಿ ಹಂಚಿಕೆಯಲ್ಲಿ ಯಾವ ಪಾಲೂ ಇಲ್ಲದವನ ಆಸ್ತಿ.

ಕತೆಯ ಮುಂದಿನ ಭಾಗ ಇನ್ನೂ ಗಮನಿಸುವಂಥದ್ದು. ಬಸವಣ್ಣ ಆ ಕೆರವನ್ನು ಮೆಟ್ಟದೆ ತಲೆಯ ಮೇಲೆ ಇಟ್ಟುಕೊಂಡ. ಮೆಟ್ಟಿ ನೋಡಿದ ಬ್ರಾಹ್ಮಣ ಮಧುವರಸನಿಗೆ ಮೈಯೆಲ್ಲ ಉರಿ. ನಮ್ಮ ಕಡೆ ಹೇಳುವ ಒಂದು ಪಾಠದಲ್ಲಿ, ಹರಳಯ್ಯನ ಮನೆಯ ನೀರು ಮೈಗೆ ಬಿದ್ದ ಮೇಲೇ ಆ ಉರಿ ಆರಿತು. ಈಗ ದ್ರವ್ಯಶುದ್ಧಿಯನ್ನು ನೆನಪು ಮಾಡಿಕೊಳ್ಳಿ. ಶಾಸ್ತ್ರದಲ್ಲಿ ನೀರು ತೊಗಲನ್ನು ಶುದ್ಧ ಮಾಡುತ್ತದೆ. ಜನರ ಕತೆಯಲ್ಲಿ ತೊಗಲಿನವನ ಮನೆಯ ನೀರು ಬ್ರಾಹ್ಮಣನನ್ನು ಶುದ್ಧ ಮಾಡುತ್ತದೆ. ಕತೆ ಕಟ್ಟಿದವರು ಸಂಸ್ಕೃತ ಓದಿರಲಿಲ್ಲ ನಿಜ, ಆದರೆ ಅವರಿಗೆ ಶಾಸ್ತ್ರ ಗೊತ್ತಿತ್ತು, ಅದರ ಏಟು ತಿಂದವರು ಅವರೇ ಆದ್ದರಿಂದ. ಆಮೇಲಿನದು ಚರಿತ್ರೆ ಮತ್ತು ಪುರಾಣ ಬೆರೆತ ಭಾಗ: ಹರಳಯ್ಯನ ಮಗನಿಗೂ ಮಧುವರಸನ ಮಗಳಿಗೂ ಮದುವೆ, ಬಿಜ್ಜಳನ ಎಳೆಹೂಟೆಯ ಶಿಕ್ಷೆ, 1167ರ ಸುಮಾರಿಗೆ ಬಿಜ್ಜಳನ ಕೊಲೆ, ಶರಣರ ಚೆದುರುವಿಕೆ. ಬಸವಕಲ್ಯಾಣದಲ್ಲಿ ಹರಳಯ್ಯನ ಹೆಸರಿನ ಗವಿ ಇದೆ. 2021ರ ಜನವರಿಯಲ್ಲಿ ಹೊಸ ಅನುಭವ ಮಂಟಪಕ್ಕೆ ಅಡಿಗಲ್ಲು ಹಾಕಿದರು. ಕಲ್ಲಿನ ಕೆಲಸಕ್ಕೆ ನೂರಾರು ಕೋಟಿಯ ಮಾತು. ಗವಿಯ ಕಡೆ ಹೋಗುವ ದಾರಿಯಲ್ಲಿ ಹೋಗಿ ನೋಡಿ, ಅಷ್ಟೇ ಹೇಳುತ್ತೇನೆ.

ವಚನಕಾರರಲ್ಲಿ ಮಾದಾರ ಚೆನ್ನಯ್ಯನ ಅಂಕಿತವನ್ನು ನೆನೆಯಬೇಕು. ಬೇರೆಯವರ ಅಂಕಿತದಲ್ಲಿ ಊರ ದೇವರಿದ್ದರೆ ಅವನ ಅಂಕಿತದಲ್ಲಿ ಕೈಯುಳಿ, ಕತ್ತಿ, ಅಡಿಗುಂಟಗಳಿವೆ. ಕಸುಬಿನ ಮುಟ್ಟುಗಳನ್ನೇ ದೇವರ ಹೆಸರಿನೊಳಕ್ಕೆ ತಂದವನು. 'ಮಾನಸೋಲ್ಲಾಸ'ದಲ್ಲಿ ಕಾಣದೆ ಹೋದ ಕೈ ಇಲ್ಲಿ ತನ್ನ ಸಾಮಾನಿನ ಸಮೇತ ಬಂದು ಕೂತಿದೆ. ಕನ್ನಡ ಕಲಾಚರಿತ್ರೆ ಬರೆಯುವವರು ಯಾರೂ ಚೆನ್ನಯ್ಯನನ್ನು ಲೆಕ್ಕಕ್ಕೆ ಹಿಡಿದದ್ದನ್ನು ನಾನು ಓದಿಲ್ಲ. ಅವನು ಸಾಹಿತ್ಯದವರ ಪಾಲಿಗೆ, ಅದಕ್ಕಿಂತ ಹೆಚ್ಚಾಗಿ ಮಠದವರ ಪಾಲಿಗೆ.

ಹುಮನಾಬಾದ ತಾಲೂಕಿನ ಜಲಸಂಗಿಯ ಗುಡಿಯ ಮಾತನ್ನೂ ಇಲ್ಲಿ ಹೇಳಬೇಕು. ವಿಕ್ರಮಾದಿತ್ಯನ ಕಾಲದ ಗುಡಿ. ಹೊರಗೋಡೆಯ ಸುತ್ತ ಹೆಣ್ಣುಗಳ ಶಿಲ್ಪ. ಅದರಲ್ಲಿ ಒಬ್ಬಳು ಬೆನ್ನು ತಿರುಗಿಸಿ ನಿಂತು, ಅರಸನನ್ನು ಹೊಗಳುವ ಶಾಸನವನ್ನು ಕಲ್ಲಿನ ಮೇಲೆ ಬರೆಯುತ್ತಿದ್ದಾಳೆ. ನೋಡಿದವರು ಅವಳ ಬಳುಕನ್ನು ಬಳ್ಳಿಗೆ ಹೋಲಿಸುತ್ತಾರೆ. ಹೆಣ್ಣೊಬ್ಬಳ ಕೈಗೆ ಅಕ್ಷರ ಕೊಟ್ಟ ಶಿಲ್ಪ ಎಂದು ಮೆಚ್ಚುವವರೂ ಇದ್ದಾರೆ. ನನಗೂ ಅದು ಇಷ್ಟದ ಶಿಲ್ಪವೇ. ಆದರೆ ಅವಳು ಬರೆಯುತ್ತಿರುವುದು ಅರಸನ ಹೆಸರನ್ನು, ತನ್ನದನ್ನಲ್ಲ. ಬೀದರಿನ ಬಿದರಿ ಕೆಲಸದಲ್ಲೂ ನಿಸರ್ಗವೆಂದರೆ ಜನ ಅದರ ಮೇಲಿನ ಹೂಬಳ್ಳಿಯನ್ನೇ ನೋಡುತ್ತಾರೆ. ಆದರೆ ಆ ಕಪ್ಪು ಬರುವುದು ಕೋಟೆಯೊಳಗೆ ಬಿಸಿಲು ಮಳೆ ಕಾಣದ ಜಾಗದ ಹಳೆಯ ಮಣ್ಣಿನಿಂದ. ನವಸಾಗರ ಹಾಕಿ ಕುದಿಸಿದ ಆ ಮಣ್ಣಿನ ನೀರಿನಲ್ಲಿ ಸತುವು ಕಪ್ಪಾಗುತ್ತದೆ, ಬೆಳ್ಳಿ ಹಾಗೇ ಉಳಿಯುತ್ತದೆ. ಮಣ್ಣನ್ನು ನಾಲಿಗೆಗೆ ಹಚ್ಚಿ ನೋಡಿ ಆರಿಸುವ ಕುಶಲಕರ್ಮಿಗಳು ಇದ್ದಾರೆ. 2006ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು, 2023ರಲ್ಲಿ ಶಾಹ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂತು. ಒಳ್ಳೆಯದೇ ಆಯಿತು. ಮಣ್ಣಿಗೆ ಮಾನ ಬಂತು, ಮಾಡಿದ ಕೈಗೂ ಬಂತು. ತೊಗಲಿಗೆ ಹಾಗೆ ಯಾಕೆ ಬರಲಿಲ್ಲ ಎಂಬುದು ನನ್ನ ಪ್ರಶ್ನೆ.

ಈಗ ನಮ್ಮ ಕಾಲದ ಕಲಾವಿದೆಗೆ ಬರುತ್ತೇನೆ. ಶೀಲಾ ಗೌಡ 1957ರಲ್ಲಿ ಭದ್ರಾವತಿಯಲ್ಲಿ ಹುಟ್ಟಿದವರು. ಬೆಂಗಳೂರಿನ ಕೆನ್ ಕಲಾಶಾಲೆ, ಬರೋಡಾ, ಶಾಂತಿನಿಕೇತನ, ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್, ಹೀಗೆ ಓದಿ ಬಂದವರು. ಮೊದಲು ಎಣ್ಣೆಬಣ್ಣದಲ್ಲಿ ಚಿತ್ರ ಬರೆಯುತ್ತಿದ್ದರು. 1992ರಲ್ಲಿ, ದೇಶದ ತುಂಬ ಕೋಮುದ್ವೇಷ ಹೊತ್ತಿ ಡಿಸೆಂಬರ್ 6ಕ್ಕೆ ಬಾಬರಿ ಮಸೀದಿ ಬಿದ್ದ ಆ ವರ್ಷದ ಸುಮಾರಿಗೆ, ಅವರು ಸೆಗಣಿಯನ್ನು ಕೈಗೆತ್ತಿಕೊಂಡರು. ಸೆಗಣಿಯಲ್ಲಿ ಚಿತ್ರ, ಸೆಗಣಿಯ ಬೆರಣಿ, ಸೆಗಣಿಯ ಇಟ್ಟಿಗೆ, ಅದಕ್ಕೆ ಕುಂಕುಮದ ಕೆಂಪು. ಆಕಳನ್ನು ರಾಜಕೀಯದ ಬಾವುಟ ಮಾಡಿಕೊಂಡವರ ಎದುರು ಆಕಳ ಸೆಗಣಿಯನ್ನೇ ಇಟ್ಟದ್ದು ಸಣ್ಣ ಸಂಗತಿಯಲ್ಲ. ಸೆಗಣಿ ಪೂಜೆಗೂ ಬೇಕು, ಅಂಗಳ ಸಾರಿಸಲೂ ಬೇಕು, ಒಲೆಗೂ ಬೇಕು. ಪವಿತ್ರ ಎನ್ನುತ್ತಲೇ ಅದನ್ನು ಹೆಂಗಸರ ಕೈಗೆ, ಅದರಲ್ಲೂ ಬಡ ಹೆಂಗಸರ ಕೈಗೆ ಬಿಟ್ಟ ಸಮಾಜ ನಮ್ಮದು. ಈ ಇಬ್ಬಂದಿತನ ಅವರ ಕೆಲಸದೊಳಗಿದೆ.

ಕನ್ನಡದ ಓದುಗನಿಗೆ ಇಲ್ಲಿ ಇನ್ನೊಂದು ನೆನಪು ಬಾರದೇ ಇರದು. 1973ರ ನವೆಂಬರಿನಲ್ಲಿ ಮೈಸೂರಿನಲ್ಲಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು ಬೂಸಾ ಎಂದದ್ದಕ್ಕೆ ಎಷ್ಟು ಗಲಾಟೆಯಾಯಿತು, ದಲಿತ ಹುಡುಗರು ಹಾಸ್ಟೆಲ್ಲುಗಳಲ್ಲಿ ಎಷ್ಟು ಏಟು ತಿಂದರು, ಮಂತ್ರಿಗಿರಿಯೇ ಹೋಯಿತು. ಬೂಸಾ ಎಂದದ್ದಕ್ಕೇ ಅಷ್ಟಾಯಿತು. ಇಪ್ಪತ್ತು ವರ್ಷದ ಮೇಲೆ ಸೆಗಣಿ ಗ್ಯಾಲರಿಗೆ ಬಂದಾಗ ಯಾರೂ ಕಲ್ಲು ಎಸೆಯಲಿಲ್ಲ. ಕಾಲ ಬದಲಾಯಿತು ಅನ್ನಬಹುದು. ಹೇಳಿದವರು ಯಾರು ಎಂಬುದರ ಮೇಲೆ ಏಟು ನಿರ್ಧಾರವಾಗುತ್ತದೆ ಅಂತಲೂ ಅನ್ನಬಹುದು. ಎರಡೂ ನಿಜ.

ಆದರೂ ಶೀಲಾ ಗೌಡರನ್ನು ಸುಮ್ಮನೆ 'ಮೇಲ್ವರ್ಗದ ಕಲಾವಿದೆ ನಮ್ಮ ವಸ್ತು ಕದ್ದಳು' ಎಂದು ತಳ್ಳಿಹಾಕುವ ವಿಮರ್ಶೆಗೆ ನನ್ನ ಒಪ್ಪಿಗೆಯಿಲ್ಲ. ನಮ್ಮ ಗೆಳೆಯರಲ್ಲಿ ಕೆಲವರು ಹಾಗೆ ಮಾತಾಡುತ್ತಾರೆ. ಅವರ ಕೆಲಸವನ್ನು ಸರಿಯಾಗಿ ನೋಡಬೇಕು. 1998ರಲ್ಲಿ ಶುರುವಾದ ಅವರ ಒಂದು ಕೃತಿಯ ಹೆಸರು 'ಅವನಿಗೆ ನನ್ನ ನೋವನ್ನು ಹೇಳು' ಎಂಬ ಅರ್ಥದ್ದು. ನೂರಾರು ಮೀಟರ್ ದಾರವನ್ನು ಸೂಜಿಗಳ ಕಣ್ಣಿನಲ್ಲಿ ಪೋಣಿಸಿ, ಎಳೆಗಳನ್ನೆಲ್ಲ ಸೇರಿಸಿ ಕುಂಕುಮ ಮತ್ತು ಅಂಟಿನಿಂದ ಹಗ್ಗ ಮಾಡಿದ್ದಾರೆ. ಕೆಂಪು ಹಗ್ಗ ನೆಲ, ಗೋಡೆಗಳ ಮೇಲೆ ಕರುಳಿನ ಹಾಗೆ ಹರಿದಿರುತ್ತದೆ. ತುದಿಯಲ್ಲಿ ಸೂಜಿಗಳು ಗೊಂಚಲಾಗಿ ಜೋತಿರುತ್ತವೆ. ಅಲ್ಲಿ ಕೈಕೆಲಸ ಅಡಗಿಲ್ಲ. ಎಷ್ಟು ಸಲ ಸೂಜಿಗೆ ದಾರ ಹಾಕಿದ್ದಾರೆ ಎಂಬುದೇ ಕೃತಿ. 2009ರ 'ಬಿಹೋಲ್ಡ್'ನಲ್ಲಿ ಮನುಷ್ಯರ ಕೂದಲಿನ ಹಗ್ಗ. ಹರಕೆಯ ಮುಡಿ ಕೊಟ್ಟವರ ಕೂದಲು. ನಮ್ಮ ಊರುಗಳಲ್ಲಿ ದೃಷ್ಟಿ ತಾಗದಿರಲೆಂದು ಗಾಡಿಗೆ ಕಟ್ಟುವ ಅದೇ ಕೂದಲಿನ ಹಗ್ಗ, ಸುಮಾರು 4 ಕಿಲೋಮೀಟರ್ ಉದ್ದ, ಕಾರಿನ ಉಕ್ಕಿನ ಬಂಪರುಗಳನ್ನು ಎತ್ತಿ ಹಿಡಿದಿದೆ. ಅದೇ ವರ್ಷ ಅವರ ಕೆಲಸ ವೆನಿಸ್ ಬಿನಾಲೆಗೂ ಹೋಯಿತು. ಬಡವರ ತಲೆಯಿಂದ ಇಳಿದದ್ದು ಉಕ್ಕನ್ನು ಹೊತ್ತಿದೆ ಎಂಬ ಅರ್ಥ ಬಿಡಿಸಿ ಹೇಳಬೇಕಾಗಿಯೇ ಇಲ್ಲ. 'ಮಾನಸೋಲ್ಲಾಸ'ದ ಅರಸನಿಗೆ ಹೋಲಿಸಿದರೆ ಇಲ್ಲಿ ಕೈಗೆ ಜಾಗ ಸಿಕ್ಕಿದೆ.

ಹಾಗಿದ್ದರೆ ನನ್ನ ತಕರಾರು ಏನು? ತಕರಾರು ಕಲಾವಿದೆಯ ಮೇಲಲ್ಲ, ಆಕೆಯ ಬಗ್ಗೆ ಬರೆಯುವವರ ಮೇಲೆ. 'ನೈಸರ್ಗಿಕ ವಸ್ತು', 'ದೇಸಿ ಮೂಲ', 'ಭಾರತೀಯ ಹೆಣ್ಣಿನ ದೈನಿಕ' ಎಂಬ ಮಾತುಗಳಲ್ಲಿ ಸೆಗಣಿಯನ್ನು ಮತ್ತೆ ತೊಳೆದು ಶುದ್ಧ ಮಾಡಿಬಿಡುತ್ತಾರೆ. ಅದಕ್ಕೆ ಇನ್ನೊಂದು ಸೆಗಣಿಯ ಪಕ್ಕದಲ್ಲಿ ಅದನ್ನು ಇಟ್ಟು ನೋಡಬೇಕು. ಶರಣಕುಮಾರ ಲಿಂಬಾಳೆಯವರ ಮರಾಠಿ ಆತ್ಮಕಥೆ 'ಅಕ್ಕರಮಾಶಿ' ಬಂದದ್ದು 1984ರಲ್ಲಿ. ಅಕ್ಕಲಕೋಟೆಯ ಸೀಮೆ, ನಮ್ಮ ಆಳಂದದಿಂದ ಗಡಿ ದಾಟಿದರೆ ಅದೇ ಭಾಷೆ ಬೆರೆತ ಊರುಗಳು. ಅದರಲ್ಲಿ ಅಜ್ಜಿ ಸಂತಾಮಾಯಿ ಸುಗ್ಗಿಯ ಕಾಲದಲ್ಲಿ ದನದ ಸೆಗಣಿ ಆಯುತ್ತಾಳೆ. ದನ ತಿಂದು ಅರಗದೆ ಉಳಿದ ಜೋಳದ ಕಾಳು ಅದರಲ್ಲಿರುತ್ತದೆ. ನೀರಲ್ಲಿ ತೊಳೆದು, ಒಣಗಿಸಿ, ಬೀಸಿ ರೊಟ್ಟಿ ಮಾಡುತ್ತಾಳೆ. ಮೊಮ್ಮಗ ಆ ರೊಟ್ಟಿ ಮುರಿದಾಗ ಸೆಗಣಿಯ ವಾಸನೆ. ಇದೂ ನಿಸರ್ಗವೇ. ಮನುಷ್ಯ, ದನ, ಜೋಳ, ಮಣ್ಣು ಎಲ್ಲ ಒಂದೇ ಚಕ್ರದಲ್ಲಿ ಇರುವುದನ್ನು ಪರಿಸರವಾದಿಗಳು ಬಣ್ಣಿಸುತ್ತಾರಲ್ಲ, ಸಂತಾಮಾಯಿ ಆ ಚಕ್ರದ ಒಳಗೇ ಕೂತಿದ್ದಾಳೆ. ಅವಳಿಗೆ ಅದರಿಂದ ಹೊರಗೆ ಬರಬೇಕಿತ್ತು.

ದಲಿತ ಸೌಂದರ್ಯ ಮೀಮಾಂಸೆಯ ನಿಜವಾದ ಇಕ್ಕಟ್ಟು ಇರುವುದು ಇಲ್ಲೇ. 1927ರಲ್ಲಿ ಮಹಾಡಿನಲ್ಲಿ ಅಂಬೇಡ್ಕರ್ ಸತ್ತ ದನ ತಿನ್ನುವುದನ್ನು ಬಿಡಿ ಅಂದರು. ಆ ಬಗೆಯ ಊರಚಾಕರಿ ಬಿಡುವುದು ಚಳವಳಿಯ ಮೊದಲ ಮೆಟ್ಟಿಲಾಯಿತು. ಹೈದರಾಬಾದ್ ಸೀಮೆಯಲ್ಲಿ ಬಿ. ಶ್ಯಾಮಸುಂದರ್ 1968ರಲ್ಲಿ ಗುಲಬರ್ಗಾದಲ್ಲಿ ಭೀಮಸೇನೆ ಕಟ್ಟಿದಾಗ ನಮ್ಮ ಕಡೆಯ ಹುಡುಗರಿಗೆ ಬಂದ ಧೈರ್ಯವೂ ಅದೇ: ಹಲಗಿ ಬಾರಿಸೋದಿಲ್ಲ, ದನ ಎಳೆಯೋದಿಲ್ಲ. ಎಷ್ಟೋ ಹಳ್ಳಿಗಳಲ್ಲಿ ಹಾಗೆ ಅಂದದ್ದಕ್ಕೆ ಬಹಿಷ್ಕಾರ ಅನುಭವಿಸಬೇಕಾಯಿತು. ಈಗ ಆರ್ಟ್ ಗ್ಯಾಲರಿಗಳೂ ವಿಶ್ವವಿದ್ಯಾಲಯಗಳೂ ಬಂದು, ಅದು ನಿಮ್ಮ ಪರಂಪರೆ, ಅದನ್ನು ಬಿಡಬೇಡಿ, ಅದರಲ್ಲಿ ದೇಸಿ ತಂತ್ರಜ್ಞಾನ ಇದೆ, ಪರಿಸರಸ್ನೇಹಿ ಜ್ಞಾನ ಇದೆ ಎನ್ನುತ್ತಾರೆ. ಜ್ಞಾನ ಇದೆ, ಇಲ್ಲ ಎನ್ನುವವನು ನಾನಲ್ಲ. ಸುಣ್ಣದ ಹೊಂಡದಲ್ಲಿ ನೆನೆಸಿ ಕೂದಲು ಬಿಡಿಸುವುದು, ತಂಗಡಿ ಮತ್ತು ಜಾಲಿಯ ತೊಗಟೆ ಜಜ್ಜಿ ರಸ ತೆಗೆಯುವುದು, ತೊಗಲನ್ನೇ ಚೀಲದಂತೆ ಹೊಲಿದು ಅದರೊಳಗೆ ತೊಗಟೆಯ ನೀರು ತುಂಬಿ ತೂಗುಹಾಕುವುದು, ಇದೆಲ್ಲ ರಸಾಯನಶಾಸ್ತ್ರ. ಬಾವಿಯಿಂದ ನೀರೆತ್ತುವ ತೊಗಲಿನ ಚೀಲ, ಎತ್ತಿನ ಮಿಣಿ, ಬಾರುಕೋಲು ಇಲ್ಲದೆ ಕರಿಮಣ್ಣಿನ ಒಂದು ಎಕರೆಯೂ ಬಿತ್ತನೆಯಾಗುತ್ತಿರಲಿಲ್ಲ. ಆದರೆ ಆ ಹೊಂಡದ ಸುಣ್ಣ ಕೈಬೆರಳು ತಿನ್ನುತ್ತಿತ್ತು. ನಮ್ಮ ಮುತ್ಯಾನ ಬೆರಳುಗಳ ಉಗುರು ಸರಿಯಾಗಿದ್ದುದನ್ನು ನಾನು ನೋಡಿಲ್ಲ. 'ಓದಪಾ, ಈ ವಾಸನಿ ನಿನಗ ಬ್ಯಾಡ' ಅಂತಿದ್ದ. ನಾನು ಓದಿದ್ದು ಆ ವಾಸನೆಯಿಂದ ತಪ್ಪಿಸಿಕೊಳ್ಳಲು. ಈಗ ಅದನ್ನು ಪರಂಪರೆ ಎಂದು ಮೂಸಿ ಹಿಗ್ಗುವುದು ನನ್ನಿಂದಾಗದು.

ಅಂದರೆ ಕಸುಬನ್ನು ಉಳಿಸಿಕೊಳ್ಳುವುದು ಬೇರೆ, ಕಸುಬಿನ ಲೆಕ್ಕ ಕೇಳುವುದು ಬೇರೆ. ಕಲಾಚರಿತ್ರೆಯಲ್ಲಿ ನಮಗೆ ಬೇಕಾದದ್ದು ಎರಡನೆಯದು. 2016ರ ಜುಲೈ 11ರಂದು ಗುಜರಾತಿನ ಊನಾದಲ್ಲಿ ಸತ್ತ ಆಕಳ ತೊಗಲು ಸುಲಿಯುತ್ತಿದ್ದ ದಲಿತ ಯುವಕರನ್ನು ಕಾರಿಗೆ ಕಟ್ಟಿ ಹೊಡೆದರು. ಅದಾದ ಮೇಲೆ ಅಲ್ಲಿನ ದಲಿತರು ಸತ್ತ ದನಗಳನ್ನು ಗಾಡಿಗಳಲ್ಲಿ ತಂದು ಸುರೇಂದ್ರನಗರದ ಸರಕಾರಿ ಕಚೇರಿಯ ಮುಂದೆ ಚೆಲ್ಲಿದರು. ನಿಮ್ಮ ತಾಯಿ, ನೀವೇ ಮಣ್ಣು ಮಾಡಿ ಎಂಬುದು ಅದರ ಅರ್ಥ. ಇಂದಿನ ಕಲೆಯ ಭಾಷೆಯಲ್ಲಿ ಅದನ್ನು ಇನ್‌ಸ್ಟಲೇಶನ್ ಅನ್ನಬೇಕು ಅಂತ ತಮಾಷೆಗೆ ಒಮ್ಮೆ ಅಂದಿದ್ದೆ; ಈಗ ಅದು ತಮಾಷೆ ಅನ್ನಿಸುತ್ತಿಲ್ಲ. ನಮ್ಮಲ್ಲಿ 2021ರಲ್ಲಿ ಜಾರಿಗೆ ಬಂದ ಕಾಯ್ದೆಯ ಪ್ರಕಾರ ಆಕಳು, ಎತ್ತು, ಕರುಗಳನ್ನು ಯಾವ ವಯಸ್ಸಿನಲ್ಲೂ ಕೊಲ್ಲುವಂತಿಲ್ಲ. ಎಮ್ಮೆ, ಕೋಣಗಳಿಗೆ ಆ ರಕ್ಷಣೆ 13 ವರ್ಷದ ತನಕ ಮಾತ್ರ. ಕಾನೂನಿನಲ್ಲೂ ಆಕಳಿಗೆ ಒಂದು ಜಾತಿ, ಎಮ್ಮೆಗೆ ಒಂದು ಜಾತಿ. ಸೋಮೇಶ್ವರನ ಅಂಟಿಗೆ ಎಮ್ಮೆಯೇ ಆದದ್ದು ಬರೀ ತೊಗಲು ದಪ್ಪವೆಂಬ ಕಾರಣಕ್ಕೋ?

ಮಹಾರಾಷ್ಟ್ರದ ಕಡೆ ಈ ಲೆಕ್ಕವನ್ನು ಕಲೆಯ ಒಳಗಿನಿಂದಲೇ ಕೇಳುವವರು ಬಂದಿದ್ದಾರೆ. ನಾಗಪುರದ ಸವಿ ಸಾವರ್ಕರ್ ಕೊರಳಿಗೆ ಮಡಕೆ ಕಟ್ಟಿದ ಅಸ್ಪೃಶ್ಯನನ್ನು, ದೇವದಾಸಿಯರನ್ನು ಬರೆದರು. ಚಂದ್ರಪುರದ ಪ್ರಭಾಕರ ಪಾಚಪುತೆ ಕಲ್ಲಿದ್ದಲ ಗಣಿಯ ಊರಿನಿಂದ ಬಂದವರು, ಇದ್ದಲಿನಲ್ಲೇ ಗೋಡೆಯ ತುಂಬ ಗಣಿಗಾರರ ಚಿತ್ರ ಬರೆಯುತ್ತಾರೆ. ಅವರಲ್ಲಿ ವಸ್ತು ಎಂದರೆ ನೋಟವಲ್ಲ, ಊರಿನ ಕೂಲಿ. ಕನ್ನಡದಲ್ಲಿ ಈ ಕೆಲಸವನ್ನು ಮೊದಲು ಮಾಡಿದ್ದು ಸಾಹಿತ್ಯ. ದೇವನೂರ ಮಹಾದೇವರ 'ಕುಸುಮಬಾಲೆ'ಯಲ್ಲಿ ದೀಪಗಳು ಮಾತಾಡಿದಾಗ ಅದು ಅಲಂಕಾರವಲ್ಲ, ಮನೆಯ ಒಳಗಿನ ಸಾಕ್ಷಿ. ಗುಲಬರ್ಗಾದಲ್ಲಿ ಚಿತ್ರಕಲೆಯ ಶಾಲೆಗಳಿಗೆ ಒಳ್ಳೆಯ ಪರಂಪರೆಯಿದೆ, ನಮ್ಮ ಹುಡುಗರೂ ಅಲ್ಲಿ ಓದಿದ್ದಾರೆ. ನಿಸರ್ಗಚಿತ್ರವನ್ನು ಬಹಳ ಚೆನ್ನಾಗಿ ಬರೆಯುತ್ತಾರೆ. ಜಾಲಿಯ ನೆರಳು, ಹೊಲದ ಬದು, ಸಂಜೆಯ ಧೂಳು, ಎಲ್ಲ ನೀರುಬಣ್ಣದಲ್ಲಿ. ಆ ಜಾಲಿಯ ತೊಗಟೆ ಯಾರಿಗೆ ಬೇಕಾಗಿತ್ತು ಎಂದು ಅವರಿಗೆ ಯಾರೂ ಹೇಳಿಕೊಟ್ಟಂತಿಲ್ಲ.

ಇತ್ತೀಚೆಗೆ ಹುಮನಾಬಾದಿನ ವೀರಭದ್ರೇಶ್ವರ ಜಾತ್ರೆಯಲ್ಲಿ ಹಲಗೆಯವರ ಜೊತೆ ಮಾತಾಡುತ್ತ ನಿಂತಿದ್ದೆ. ತೊಗಲಿನ ಹಲಗೆಗೆ ಬೆಂಕಿ ಬೇಕು. ಬಾರಿಸುವ ಮೊದಲು ಹುಲ್ಲು, ಕಾಗದ ಉರಿಸಿ ಕಾಯಿಸಬೇಕು. ಮಳೆ ಬಂದರೆ ಅದು ಸಡಿಲಾಗುತ್ತದೆ, ಬಿಸಿಲಿಗೆ ಬಿಗಿಯುತ್ತದೆ, ಹವೆಯ ಜೊತೆಗೇ ಅದರ ದನಿಯೂ ಬದಲಾಗುತ್ತದೆ. ಈಗಿನ ಹುಡುಗರು ಫೈಬರ್ ಹಾಳೆ ಬಿಗಿದ ಹಲಗೆ ತಂದಿದ್ದಾರೆ. ದನಿ ಸ್ವಲ್ಪ ಕರ್ಕಶ, ಕಿವಿಗೆ ಹೊಡೆಯುತ್ತದೆ. ಸಂಸ್ಕೃತಿ ಇಲಾಖೆಯ ಕಾರ್ಯಕ್ರಮಗಳಲ್ಲಿ ಮಾತ್ರ ತೊಗಲಿನದೇ ಬೇಕು ಅಂತ ಹಟ ಮಾಡುತ್ತಾರಂತೆ. ಹುಡುಗರಿಗೆ ಫೈಬರೇ ಸೇರುತ್ತದೆ. ಹಗುರ, ವಾಸನೆ ಇಲ್ಲ, ಸುಲಿಯಲು ಯಾರ ದನವೂ ಸಾಯಬೇಕಾಗಿಲ್ಲ, ಯಾರ ಮನೆ ಮುಂದೂ ನಿಂತು ಕೇಳಬೇಕಾಗಿಲ್ಲ. ಬೀದರಿನ ಅಂಗಡಿಯಲ್ಲಿ ರೊಕ್ಕ ಕೊಟ್ಟು ತರುತ್ತಾರೆ. ಮಳೆಗಾಲದಲ್ಲೂ ಬಾರಿಸಬಹುದು.